ನಾಲ್ಕೂ ನಟ್ ಬಿಚ್ಚಿದರೂ ಚಕ್ರ ಕದಲಲಿಲ್ಲ. ತುಕ್ಕು ಹಿಡಿದ ಹಬ್‌ಗೆ ಏನು ಮಾಡಬೇಕು?

ಶಿರಾಗೇಟ್ ಸ್ವಿಫ್ಟ್, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್ ಡೀಸೆಲ್. ಕಂಪನಿಯಿಂದ ಬಂದ ಅಲಾಯ್ ಚಕ್ರಗಳೇ ಇವೆ. ಹೋದ ಶನಿವಾರ ಹಿರಿಯೂರಿನಲ್ಲಿ ಆರತಕ್ಷತೆ ಮುಗಿಸಿಕೊಂಡು ರಾತ್ರಿ ವಾಪಸ್ ಬರುತ್ತಿದ್ದೆವು. ಶಿರಾ ದಾಟಿ ಸ್ವಲ್ಪ ದೂರ ಬಂದಿದ್ದೆವು ಅಷ್ಟೆ, ಮುಂದಿನ ಎಡಗಡೆ ಟೈರ್ ಕೂತುಹೋಯಿತು. ಕಾರಿನಲ್ಲಿ ಅಮ್ಮ, ಹೆಂಡತಿ, ಎರಡು ವರ್ಷದ ಮಗಳು. ಸ್ಟೆಪ್ನಿಯಲ್ಲಿ ಗಾಳಿ ಇತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡು ಇಳಿದೆ.

ಮೊದಲು ನಟ್‌ಗಳೇ ಬರಲಿಲ್ಲ. ಕಾರಿನ ಜೊತೆ ಕೊಟ್ಟಿರುವ ಸ್ಪ್ಯಾನರ್ ಹಾಕಿ ತುಳಿದೆ, ಅದರ ಮೇಲೆ ಹತ್ತಿ ನಿಂತೆ, ಆಮೇಲೆ ಒಂದೊಂದಾಗಿ ಕಿರ್ ಅಂತ ಸದ್ದು ಮಾಡಿ ಸಡಿಲವಾದವು. ಜಾಕ್ ಏರಿಸಿ ನಾಲ್ಕೂ ನಟ್ ತೆಗೆದೆ. ಚಕ್ರ ಮಾತ್ರ ವೆಲ್ಡಿಂಗ್ ಮಾಡಿದ ಹಾಗೆ ಹಬ್‌ಗೆ, ಅಂದರೆ ಚಕ್ರ ಕೂರುವ ನಡುವಿನ ಕಬ್ಬಿಣದ ಭಾಗಕ್ಕೆ, ಅಂಟಿಕೊಂಡಿತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದೆ, ಗುದ್ದಿದೆ, ಒದ್ದೆ. ಕದಲಲಿಲ್ಲ. ಜೋರಾಗಿ ಒದ್ದಾಗ ಜಾಕ್ ವಾಲಿತು. ಆಗ ಕೈಕಾಲು ತಣ್ಣಗಾಯಿತು, ಯಾಕೆಂದರೆ ಮಗಳು ಒಳಗೆ ಅಮ್ಮನ ತೊಡೆಯ ಮೇಲೆ ಮಲಗಿದ್ದಳು, ನಾನು ಅವರನ್ನು ಇಳಿಸಿಯೇ ಇರಲಿಲ್ಲ.

ಮುಕ್ಕಾಲು ಗಂಟೆ ಆದ ಮೇಲೆ ಒಬ್ಬ ಲಾರಿ ಡ್ರೈವರ್ ಅಣ್ಣ ನಿಲ್ಲಿಸಿದರು. ಬಂದವರೇ ಮೊದಲು ಮನೆಯವರನ್ನೆಲ್ಲ ಇಳಿಸಿ ರಸ್ತೆಯಿಂದ ದೂರ ಕೂರಿಸಿದರು. ನಟ್‌ಗಳನ್ನು ವಾಪಸ್ ಹಾಕಿ, ಎರಡೆರಡು ಸುತ್ತು ಸಡಿಲ ಬಿಟ್ಟು, ಜಾಕ್ ಇಳಿಸಿಬಿಟ್ಟರು. ಆಮೇಲೆ ನಾವಿಬ್ಬರೂ ಕಾರನ್ನು ಪಕ್ಕದಿಂದ ಹಿಡಿದು ತೊಟ್ಟಿಲು ತೂಗಿದ ಹಾಗೆ ಅಲ್ಲಾಡಿಸಿದೆವು. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಟಪ್ ಅಂತ ಸದ್ದು ಬಂತು, ಚಕ್ರ ಬಿಟ್ಟುಕೊಂಡಿತು. ಮತ್ತೆ ಜಾಕ್ ಏರಿಸಿದಾಗ ಸ್ಟೆಪ್ನಿಯನ್ನು ಬಾಗಿಲ ಕೆಳಗೆ ಮಲಗಿಸಿ ತಳ್ಳಿದರು. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ ಅಂದರು. ಆ ಅಣ್ಣ ಇದನ್ನು ಓದುವುದಿಲ್ಲ, ಆದರೂ ಅವರಿಗೆ ಕೈ ಮುಗಿಯುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಚಕ್ರ ತೆಗೆದು ನೋಡಿದರೆ ಹಬ್ ಮೇಲೆ ಕೆಂಪು ತುಕ್ಕು ಪದರ ಪದರವಾಗಿತ್ತು, ಅಲಾಯ್‌ನ ಒಳಗಡೆ ಮಧ್ಯದ ತೂತಿನ ಸುತ್ತ ಬಿಳಿ ಪುಡಿ ಕಟ್ಟಿತ್ತು. ನಮ್ಮದು ಬೋರ್‌ವೆಲ್ ನೀರು, ವಾರಕ್ಕೊಂದು ಸಲ ಅದರಲ್ಲೇ ಕಾರು ತೊಳೆಯುತ್ತೇನೆ. ಚಕ್ರ ಬಿಚ್ಚಿ ಮೂರು ವರ್ಷದ ಮೇಲಾಗಿತ್ತು. ಮರುದಿನ ಪಂಕ್ಚರ್ ಹಾಕಿಸಿದ ಕಡೆ ಹುಡುಗ ನಾಲ್ಕೂ ಸ್ಟಡ್‌ಗೆ (ನಟ್ ಹತ್ತುವ, ಹಬ್‌ನಿಂದ ಹೊರಚಾಚಿದ ಬೋಲ್ಟ್) ಬ್ರಷ್‌ನಲ್ಲಿ ಗ್ರೀಸ್ ಬಳಿದು, ಏರ್ ಗನ್‌ನಲ್ಲಿ ಟರ್ ಅಂತ ಬಿಗಿದು, ಇನ್ನು ಹಿಡಿಯಲ್ಲ ಸರ್ ಅಂದ. ಇದು ಸರಿಯಾ? ಗ್ರೀಸ್ ಎಲ್ಲಿಗೆ ಹಚ್ಚಬೇಕು, ಎಲ್ಲಿಗೆ ಹಚ್ಚಬಾರದು? ನಟ್ ಎಷ್ಟು ಬಿಗಿ ಮಾಡಬೇಕು ಅನ್ನುವುದಕ್ಕೆ ಒಂದು ಅಳತೆ ಇರಬೇಕಲ್ವಾ? ನಾನು ಮನೆಯಲ್ಲೇ ಮಾಡಿಕೊಳ್ಳಬೇಕು ಅಂತಿದ್ದೇನೆ. ದಯವಿಟ್ಟು ಬಿಡಿಸಿ ಹೇಳಿ.

ಬಂಗಾರಪೇಟೆ ಮೆಕ್ಯಾನಿಕ್, ಕೋಲಾರ ಜಿಲ್ಲೆ

ಸರ್, ಎಲ್ಲರೂ ಕ್ಷೇಮವಾಗಿ ಮನೆ ಸೇರಿದ್ದೀರಲ್ಲ, ಅದು ಮುಖ್ಯ. ನಮ್ಮ ಗ್ಯಾರೇಜಿಗೆ ಇಂಥ ಕಾರು ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ಬಹುಪಾಲು ಅಲಾಯ್ ಚಕ್ರದವು. ಕಬ್ಬಿಣದ ಹಬ್ ಮೇಲೆ ಅಲ್ಯೂಮಿನಿಯಂ ಚಕ್ರ ಕೂತಿರುತ್ತದೆ, ನಡುವೆ ನೀರು ನಿಲ್ಲುತ್ತದೆ. ಎರಡು ಬೇರೆ ಲೋಹ, ಮಧ್ಯೆ ಉಪ್ಪಿನಂಶದ ನೀರು, ಅಂದರೆ ಬ್ಯಾಟರಿಯ ಒಳಗೆ ನಡೆಯುವಂಥದ್ದೇ ಕೆಲಸ ಇಲ್ಲೂ ನಡೆಯುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ, ಕಬ್ಬಿಣ ಕೆಂಪು ತುಕ್ಕಾಗುತ್ತದೆ. ಎರಡೂ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಡುತ್ತವೆ. ಹಬ್‌ನ ಮೂತಿಗೂ ಚಕ್ರದ ತೂತಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅದು ತುಂಬಿಕೊಂಡರೆ ಮುಗಿಯಿತು, ಬೆಣೆ ಹೊಡೆದ ಹಾಗೆ.

ನಮ್ಮ ಕಡೆ ನೀರು ಇದಕ್ಕೆ ಒಳ್ಳೆ ಜೊತೆ ಕೊಡುತ್ತದೆ. ಕೋಲಾರದಲ್ಲಿ ಬೋರ್ 1000 ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದ ನೀರಿನಲ್ಲಿ ಏನೇನು ಇರುತ್ತದೆ ಅಂತ ನಿಮ್ಮ ಗೀಸರ್ ಕಾಯಿಲ್ ಬಿಚ್ಚಿದರೆ ಗೊತ್ತಾಗುತ್ತದೆ. ತೊಳೆಯುವುದು ತಪ್ಪಲ್ಲ. ತೊಳೆದು ಹಾಗೇ ನಿಲ್ಲಿಸುವುದು ತಪ್ಪು. ತೊಳೆದ ಮೇಲೆ ಎರಡು ಮೂರು ಕಿಲೋಮೀಟರ್ ಓಡಿಸಿ, ನಾಲ್ಕು ಸಲ ಬ್ರೇಕ್ ಒತ್ತಿ. ಬ್ರೇಕ್ ಡಿಸ್ಕ್ ಬಿಸಿಯಾಗಿ ನೀರು ಆರುತ್ತದೆ. ಒದ್ದೆ ಗಾಡಿಗೆ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಬೇಡಿ, ಹಿಂದಿನ ಬ್ರೇಕ್ ಶೂ ಅದರ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಾದರೆ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಈಗ ಮಾಡಬೇಕಾದದ್ದು ಹೇಳುತ್ತೇನೆ. ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್. ಕಾರು ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ. ಚಕ್ರ ತೆಗೆದ ಮೇಲೆ ತಂತಿ ಬ್ರಷ್‌ನಲ್ಲಿ ಹಬ್‌ನ ಮೂತಿಯನ್ನೂ ಚಕ್ರ ಒತ್ತಿಕೊಳ್ಳುವ ಚಪ್ಪಟೆ ಮುಖವನ್ನೂ ಚೆನ್ನಾಗಿ ಉಜ್ಜಿ. ಸ್ಟಡ್‌ನ ಬುಡದ ಸುತ್ತ ತುಕ್ಕು ಉಂಗುರದ ಹಾಗೆ ಉಳಿದಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ಎಮರಿ ಕಾಗದ ಸುತ್ತಿ ತೆಗೆಯಬೇಕು. ಅಲಾಯ್ ಒಳಗಡೆಗೆ ತಂತಿ ಬ್ರಷ್ ಬೇಡ, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಸಾಕು. ಬಿಳಿ ಪುಡಿ ಪೂರ್ತಿ ಹೋಗಿ ಲೋಹ ಕಾಣಬೇಕು. ಒಣ ಬಟ್ಟೆಯಲ್ಲಿ ಒರೆಸಿ. ಈ ಮುಖದ ಮೇಲೆ ಒಂದು ಚೂರು ತುಕ್ಕು ಅಥವಾ ಮಣ್ಣು ಸಿಕ್ಕಿಕೊಂಡರೂ ಚಕ್ರ ಸೊಟ್ಟ ಕೂರುತ್ತದೆ. ಇವತ್ತು ಬಿಗಿ ಅನ್ನಿಸಿದ ನಟ್ ಆ ಚೂರು ಪುಡಿಯಾದ ಮೇಲೆ ನಾಳೆ ಸಡಿಲವಾಗಿರುತ್ತದೆ.

ಇನ್ನು ಗ್ರೀಸ್. ಹಚ್ಚಬೇಕಾದ ಜಾಗ ಒಂದೇ, ಹಬ್‌ನ ಮೂತಿಯ ಸುತ್ತಳತೆ, ಅಂದರೆ ಚಕ್ರದ ಮಧ್ಯದ ತೂತು ಕೂರುವ ಅಂಚು. ಬೆರಳಲ್ಲಿ ಹಚ್ಚಿ ಒರೆಸಿ ತೆಗೆದಷ್ಟು ತೆಳುವಾಗಿರಲಿ. ಮಾಮೂಲಿ ಗ್ರೀಸ್ ಬೇಡ, ಬಿಸಿಗೆ ಕರಗಿ ಹರಿಯುತ್ತದೆ. ಬಿಸಿ ತಡೆಯುವ ಆಂಟಿ ಸೀಜ್ ಪೇಸ್ಟ್, ಅಂದರೆ ಲೋಹಗಳು ಹಿಡಿದುಕೊಳ್ಳದ ಹಾಗೆ ತಡೆಯುವ ಪೇಸ್ಟ್ ತೆಗೆದುಕೊಳ್ಳಿ. ಕಾಪರ್ ಗ್ರೀಸ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅಲಾಯ್‌ಗೆ ನಾನು ಅದನ್ನು ಹಾಕುವುದಿಲ್ಲ. ತಾಮ್ರವೂ ಅಲ್ಯೂಮಿನಿಯಂಗೆ ಆಗದ ಲೋಹವೇ. ಅಲ್ಯೂಮಿನಿಯಂ ಅಥವಾ ಸೆರಾಮಿಕ್ ಬೆರೆತದ್ದು ಸಿಗುತ್ತದೆ. ಸ್ಟಡ್‌ಗೆ, ನಟ್‌ಗೆ, ನಟ್ ಕೂರುವ ಗುಳಿಗೆ ಏನೂ ಬೇಡ. ಡಿಸ್ಕ್ ಮೇಲೆ ಒಂದು ತೊಟ್ಟೂ ಬೀಳಬಾರದು. ಬಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯದೆ ಗಾಡಿ ಎತ್ತಬೇಡಿ.

ಹಾಕುವಾಗ ನಟ್ ನಾಲ್ಕನ್ನೂ ಬೆರಳಲ್ಲೇ ತಿರುಗಿಸಿ. ಐದಾರು ಸುತ್ತು ಕೈಯಲ್ಲಿ ಹಗುರವಾಗಿ ಹೋಗಬೇಕು. ಹೋಗದಿದ್ದರೆ ಅಲ್ಲೇ ನಿಲ್ಲಿಸಿ, ಥ್ರೆಡ್ ಅಡ್ಡ ಹತ್ತಿದೆ ಅಂತ ಅರ್ಥ. ಗನ್ ಹಿಡಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಅದು ಕಿತ್ತುಕೊಂಡಾದರೂ ಒಳಗೆ ಹೋಗುತ್ತದೆ. ಆಮೇಲೆ ಎದುರು ಬದುರು ನಟ್‌ಗಳನ್ನು ಸ್ಪ್ಯಾನರ್‌ನಲ್ಲಿ ಹದವಾಗಿ ಬಿಗಿ ಮಾಡಿ, ಜಾಕ್ ಇಳಿಸಿ, ಟೈರ್ ನೆಲಕ್ಕೆ ಕೂತ ಮೇಲೆ ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲವನ್ನು ನ್ಯೂಟನ್ ಮೀಟರ್ ಲೆಕ್ಕದಲ್ಲಿ ಅಳೆಯುವ ಸ್ಪ್ಯಾನರ್. ನಿಮ್ಮ ಸ್ವಿಫ್ಟ್‌ಗೆ 85 ನ್ಯೂಟನ್ ಮೀಟರ್. ಹೊಸ ಮಾಡೆಲ್‌ಗಳಿಗೆ 100 ಅಂತ ಬಂದಿದೆ, ಅದಕ್ಕೇ ಗಾಡಿಯ ಜೊತೆ ಬಂದ ಪುಸ್ತಕ ಒಂದು ಸಲ ನೋಡಿಕೊಳ್ಳಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ರೆಂಚ್ ಹಾಕಿ ನೋಡಬೇಕು. ಇದನ್ನು ಹತ್ತರಲ್ಲಿ ಒಂಬತ್ತು ಜನ ಬಿಡುತ್ತಾರೆ.

ಇನ್ನೊಂದು ಮಾತು. ಮೂರು ವರ್ಷ ಚಕ್ರ ಬಿಚ್ಚಿಲ್ಲ ಅಂದಿರಿ. 10,000 ಕಿಲೋಮೀಟರ್‌ಗೆ ಒಮ್ಮೆ ಟೈರ್ ಮುಂದೆ ಹಿಂದೆ ಬದಲಾಯಿಸಿದ್ದರೆ ಇಷ್ಟು ಹಿಡಿಯುತ್ತಲೇ ಇರಲಿಲ್ಲ. ಹಬ್ ಇಷ್ಟು ತುಕ್ಕು ಹಿಡಿದಿದ್ದರೆ ಬ್ರೇಕ್ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಸ್ಲೈಡ್ ಪಿನ್, ಅಂದರೆ ಅದು ಆಚೀಚೆ ಜಾರುವ ಕಡ್ಡಿ ಕೂಡ ಹಿಡಿದಿರಬಹುದು. ಸ್ವಲ್ಪ ದೂರ ಓಡಿಸಿ ಬಂದು ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಇಟ್ಟು ನೋಡಿ, ಮುಟ್ಟಬೇಡಿ. ಒಂದು ಕಡೆ ಜಾಸ್ತಿ ಕಾವು ಬರುತ್ತಿದ್ದರೆ ಆ ಪಿನ್ ಬಿಚ್ಚಿ ನೋಡಲೇಬೇಕು.

ಚಿಂತಾಮಣಿ ಪಿಕಪ್, ಚಿಕ್ಕಬಳ್ಳಾಪುರ ಜಿಲ್ಲೆ

ಅಣ್ಣ, ಹೇಳಿದ್ದೆಲ್ಲ ಒಪ್ಪುತ್ತೇನೆ, ಸ್ಟಡ್‌ಗೆ ಗ್ರೀಸ್ ಬೇಡ ಅಂದದ್ದು ಮಾತ್ರ ಒಪ್ಪಲ್ಲ. ಹದಿನಾಲ್ಕು ವರ್ಷದಿಂದ ಟೊಮ್ಯಾಟೊ ಲೋಡ್ ಹಾಕಿಕೊಂಡು ಕೋಲಾರ ಎಪಿಎಂಸಿಗೆ ಹೋಗುತ್ತಿದ್ದೇನೆ. ಸೀಸನ್‌ನಲ್ಲಿ ದಿನಾ ರಾತ್ರಿ ಓಟ. ತೋಟದೊಳಗೆ ಕೆಸರಲ್ಲಿ ಇಳಿಸುತ್ತೇವೆ, ಸ್ಟಡ್ ಪೂರ್ತಿ ಮಣ್ಣಾಗುತ್ತದೆ. ಗ್ರೀಸ್ ಹಚ್ಚದಿದ್ದರೆ ನಡುದಾರಿಯಲ್ಲಿ ನಟ್ ಬಿಚ್ಚೋಕೆ ಆಗಲ್ಲ, ನಟ್ ಬರದೆ ಮಾಲು ತಡವಾದರೆ ಹರಾಜು ಮುಗಿದಿರುತ್ತದೆ. ನನ್ನ ನಟ್ ಒಂದೂ ಇವತ್ತಿನವರೆಗೆ ತಾನಾಗಿ ಬಿಚ್ಚಿಕೊಂಡಿಲ್ಲ. ಒಂದು ಸಲ ಹಿಂದಿನ ಚಕ್ರದ ಎರಡು ಸ್ಟಡ್ ಮುರಿದವು, ಅದು ಓವರ್‌ಲೋಡ್‌ಗೆ ಅಂತ ಮೆಕ್ಯಾನಿಕ್ ಹೇಳಿದ.

ವಸಂತನರಸಾಪುರ ಶಿಫ್ಟ್, ತುಮಕೂರು

ಪಿಕಪ್ ಅಣ್ಣ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಆ ಮುರಿದ ಎರಡು ಸ್ಟಡ್ ವಿಷಯವನ್ನು ಸುಮ್ನೆ ಬಿಡಬೇಡಿ. ನಾನು ಇಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಸೆಂಬ್ಲಿ ಲೈನ್‌ನಲ್ಲಿ ಕೆಲಸ ಮಾಡುತ್ತೇನೆ. ಬೋಲ್ಟ್ ಬಿಗಿ ಮಾಡುವುದೇ ನನ್ನ ದಿನದ ಕೆಲಸ, ಹಾಗಾಗಿ ಇದನ್ನು ವಿವರವಾಗಿ ಬರೆಯುತ್ತೇನೆ.

ಚಕ್ರದ ಭಾರ ಸ್ಟಡ್ ಮೇಲೆ ಕೂತಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಟ್ ತಿರುಗಿಸಿದಾಗ ಸ್ಟಡ್ ಒಂದು ಚೂರು ಉದ್ದಕ್ಕೆ ಹಿಗ್ಗುತ್ತದೆ, ರಬ್ಬರ್ ಬ್ಯಾಂಡ್ ಎಳೆದ ಹಾಗೆ. ಅದು ವಾಪಸ್ ಕುಗ್ಗಲು ನೋಡುತ್ತಾ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಗಾಡಿಯನ್ನು ಹೊತ್ತುಕೊಂಡು ಹೋಗುವುದು. ಹಾಗಾಗಿ ನಮಗೆ ಬೇಕಾಗಿರುವುದು ಸ್ಟಡ್ ಎಷ್ಟು ಹಿಗ್ಗಿದೆ ಅನ್ನುವ ಲೆಕ್ಕ. ಅದನ್ನು ರಸ್ತೆ ಬದಿಯಲ್ಲಿ ಅಳೆಯೋಕೆ ಆಗಲ್ಲ, ಅದಕ್ಕೇ ತಿರುಗಿಸುವ ಬಲವನ್ನು ಅಳೆಯುತ್ತೇವೆ.

ಎಡವಟ್ಟಾಗುವುದು ಇಲ್ಲೇ. ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ಭಾಗ ನಟ್‌ನ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, ಇನ್ನು ನೂರಕ್ಕೆ 40ರಷ್ಟು ಥ್ರೆಡ್‌ನ ಉಜ್ಜಾಟಕ್ಕೆ. ಸ್ಟಡ್ ಹಿಗ್ಗಿಸಲು ಉಳಿಯುವುದು ನೂರಕ್ಕೆ ಹತ್ತು ಹನ್ನೆರಡು. ಕಂಪನಿಯವರು 85 ಅಂತ ಬರೆದಿರುವುದು ಒಣ ಥ್ರೆಡ್‌ಗೆ. ನೀವು ಗ್ರೀಸ್ ಹಚ್ಚಿದಿರಿ ಅಂದರೆ ಉಜ್ಜಾಟ ಕಮ್ಮಿಯಾಯಿತು, ಉಳಿದ ಬಲವೆಲ್ಲ ಸ್ಟಡ್ ಎಳೆಯಲು ಹೋಯಿತು. ಅದೇ 85ಕ್ಕೆ ಸ್ಟಡ್ ಜಾಸ್ತಿ ಹಿಗ್ಗುತ್ತದೆ. ಅದರ ಮೇಲೆ ಗನ್ ಬೇರೆ ಹಿಡಿದರೆ ಸ್ಟಡ್ ತನ್ನ ಮಿತಿ ದಾಟುತ್ತದೆ, ಆಮೇಲೆ ವಾಪಸ್ ಕುಗ್ಗುವುದೇ ಇಲ್ಲ. ಹಳೆ ಚಡ್ಡಿಯ ಎಲಾಸ್ಟಿಕ್ ಹಾಗೆ. ನೋಡಲು ಬಿಗಿಯಾಗಿರುತ್ತದೆ, ಹಿಡಿತ ಇರುವುದಿಲ್ಲ. ಆಮೇಲೊಂದು ದಿನ ಗುಂಡಿಗೆ ಇಳಿದಾಗ ಮುರಿಯುತ್ತದೆ. ನಿಮ್ಮ ಎರಡು ಸ್ಟಡ್ ಮುರಿದಿದ್ದಕ್ಕೆ ಲೋಡ್ ಒಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮುರಿದವುಗಳ ಅಕ್ಕಪಕ್ಕದ ಸ್ಟಡ್‌ಗಳನ್ನೂ ಆಗಲೇ ಬದಲಾಯಿಸಬೇಕಿತ್ತು, ಅಷ್ಟು ಹೊತ್ತೂ ಅವೇ ಭಾರ ತಡೆದಿದ್ದವು.

ತುಕ್ಕಿನ ಭಯ ಇದ್ದರೆ ದಾರಿ ಬೇರೆ ಇದೆ. ತುದಿ ಮುಚ್ಚಿರುವ ನಟ್ ಹಾಕಿಸಿ, ನೀರು ಮಣ್ಣು ಒಳಗೆ ಹೋಗುವುದು ಕಮ್ಮಿಯಾಗುತ್ತದೆ. ಬಿಚ್ಚಿದಾಗಲೆಲ್ಲ ಸ್ಟಡ್ ಅನ್ನು ಒಣ ಬ್ರಷ್‌ನಲ್ಲಿ ಉಜ್ಜಿ. ತುಕ್ಕು ಹತ್ತಿದ ಸ್ಟಡ್ ಮತ್ತು ನಟ್ ಎರಡನ್ನೂ ಬದಲಾಯಿಸಿ. ನಟ್ ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಡಿ, ಬಿಚ್ಚಿದ ಮೇಲೆ ಅದನ್ನು ಪೂರ್ತಿ ಒರೆಸಿ ಒಣಗಿಸಿ ಆಮೇಲೆ ಹಾಕಿ.

ಕೇಳಿದವರಿಗೆ ಒಂದು ಲೆಕ್ಕ. 85 ನ್ಯೂಟನ್ ಮೀಟರ್ ಅಂದರೆ 30 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಸುಮಾರು 29 ಕೆಜಿ ತೂಕ ನೇತುಹಾಕಿದ ಹಾಗೆ. 65 ಕೆಜಿಯ ಮನುಷ್ಯ ಅದರ ಮೇಲೆ ಹತ್ತಿ ನಿಂತರೆ 190 ದಾಟುತ್ತದೆ. ನೀವು ನಿಂತ ಮೇಲೆ ನಟ್ ಬಂತು ಅಂದರೆ ಅದನ್ನು ಎಷ್ಟು ಬಿಗಿದಿದ್ದರು, ತುಕ್ಕು ಎಷ್ಟು ಹಿಡಿದಿತ್ತು ಅಂತ ಊಹಿಸಿಕೊಳ್ಳಿ. ಟಾರ್ಕ್ ರೆಂಚ್ ಬೇಕೇ ಬೇಕು. ಅರ್ಧ ಇಂಚಿನ ಕ್ಲಿಕ್ ರೆಂಚ್, 28ರಿಂದ 210ರವರೆಗೆ ಅಳೆಯುವಂಥದ್ದು ಸಾಕು. ಬೆಂಗಳೂರಿಗೆ ಹೋದರೆ ಎಸ್.ಜೆ.ಪಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು. ಅದರಿಂದ ನಟ್ ಬಿಚ್ಚಬೇಡಿ, ಕೆಲಸ ಆದ ಮೇಲೆ ಸ್ಪ್ರಿಂಗ್ ಸಡಿಲ ಮಾಡಿ ಡಬ್ಬದಲ್ಲಿಡಿ. ಸಾಕೆಟ್ ತೆಗೆದುಕೊಳ್ಳುವಾಗ ಆರು ಮೂಲೆಯದು ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ನಟ್‌ನ ಮೂಲೆ ಸವೆಸುತ್ತದೆ.

ಗೌರಿಬಿದನೂರು ಐ20

ಅಲಾಯ್ ಅಂದಿದ್ದಕ್ಕೆ ನನ್ನ ಅನುಭವವನ್ನೂ ಹೇಳುತ್ತೇನೆ, ಯಾಕೆಂದರೆ ಹೊರಗಡೆ ಅಲಾಯ್ ಹಾಕಿಸುವವರು ಇದನ್ನು ಓದಬೇಕು. ಎರಡು ವರ್ಷದ ಹಿಂದೆ ನನ್ನ ಐ20ಗೆ ಹೊಸ ಅಲಾಯ್ ಹಾಕಿಸಿದೆ. ಮನೆಗೆ ಬರುವ ದಾರಿಯಲ್ಲೇ 80ರ ಮೇಲೆ ಸ್ಟೀರಿಂಗ್ ನಡುಗೋಕೆ ಶುರುವಾಯಿತು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಆಮೇಲೆ ನಾನೇ ಕೂತು ಓದಿ ಅರ್ಥ ಮಾಡಿಕೊಂಡೆ. ನನ್ನ ಗಾಡಿಯ ಹಬ್ ಮೂತಿ 54.1 ಮಿಲಿಮೀಟರ್, ಅಲಾಯ್‌ನ ತೂತು 73.1. ಎಲ್ಲ ಗಾಡಿಗೂ ಆಗಲಿ ಅಂತ ದೊಡ್ಡ ತೂತು ಮಾಡಿರುತ್ತಾರೆ. ನಡುವೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರ ಹಾಕಬೇಕು, ಹಾಕಿರಲಿಲ್ಲ. ಚಕ್ರ ಬರೀ ನಟ್‌ಗಳ ಮೇಲೆ ಅಂದಾಜಿಗೆ ಕೂತಿತ್ತು. ನಾಲ್ಕು ಉಂಗುರ ತರಿಸಿ ಹಾಕಿಸಿದ ದಿನವೇ ನಡುಕ ನಿಂತಿತು. ನಾನು ಪ್ಲಾಸ್ಟಿಕ್‌ನದೇ ತೆಗೆದುಕೊಂಡೆ, ಅದು ತುಕ್ಕೂ ಹಿಡಿಯಲ್ಲ, ಹಬ್‌ಗೂ ಅಂಟಲ್ಲ.

ನಟ್ ವಿಷಯದಲ್ಲೂ ಹುಷಾರು. ನೋಡಲು ಎಲ್ಲ ಒಂದೇ ಥರ ಇರುತ್ತವೆ. ಸ್ವಿಫ್ಟ್ ಥರದ ಮಾರುತಿ ಗಾಡಿಗಳ ಸ್ಟಡ್ ದಪ್ಪ 12 ಮಿಲಿಮೀಟರ್, ಥ್ರೆಡ್ 1.25, ಅಂದರೆ ಎರಡು ಥ್ರೆಡ್ ಸುತ್ತಿನ ನಡುವಿನ ಅಂತರ ಅಷ್ಟು ಮಿಲಿಮೀಟರ್. ಹ್ಯುಂಡೈದು 12 ಮಿಲಿಮೀಟರೇ, ಆದರೆ 1.5 ಥ್ರೆಡ್. ಒಂದರ ನಟ್ ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ, ಗನ್ ಹಿಡಿದರೆ ಸ್ಟಡ್‌ನ ಥ್ರೆಡ್ ಎಲ್ಲ ಕಿತ್ತು ಬರುತ್ತದೆ. ನಟ್‌ನ ಮೂತಿಯನ್ನೂ ನೋಡಿ. ಕೆಲವು ಶಂಕುವಿನ ಹಾಗೆ ಓರೆಯಾಗಿರುತ್ತವೆ, ಕೆಲವು ಗುಂಡಗೆ, ಕೆಲವು ಚಪ್ಪಟೆ ವಾಷರ್ ಜೊತೆ. ಚಕ್ರದ ಗುಳಿ ಯಾವ ಆಕಾರವೋ ಅದೇ ಆಕಾರದ ನಟ್ ಬೇಕು. ನಟ್ ಬಿಗಿಗೆ ನನ್ನ ಪುಸ್ತಕದಲ್ಲಿ 107ರಿಂದ 127 ನ್ಯೂಟನ್ ಮೀಟರ್ ಅಂತ ಇದೆ, ನಾನು 110ಕ್ಕೆ ಇಟ್ಟು ನಾನೇ ಬಿಗಿ ಮಾಡುತ್ತೇನೆ. ಟೈರ್ ಅಂಗಡಿಗೆ ಹೋದಾಗ ಗನ್ ಬೇಡ ಅಣ್ಣ, ಕೈಯಲ್ಲೇ ಹಾಕಿ, ಕೊನೆಯ ಬಿಗಿ ನಾನು ಮಾಡಿಕೊಳ್ಳುತ್ತೇನೆ ಅಂತ ಹೇಳುತ್ತೇನೆ. ಮೊದಲ ಸಲ ಒಂದು ಥರ ನೋಡಿದರು. ಈಗ ಅವರೇ ರೆಂಚ್ ತಂದಿದ್ದೀರಾ ಮೇಡಂ ಅಂತ ಕೇಳುತ್ತಾರೆ.

ಕಳ್ಳರ ಭಯಕ್ಕೆ ಲಾಕ್ ನಟ್ ಹಾಕಿಸಿಕೊಂಡಿರುವವರು ಅದರ ಕೀಯನ್ನು ಜಾಕ್ ಜೊತೆಯಲ್ಲೇ ಇಡಿ. ನಮ್ಮ ಚಿಕ್ಕಪ್ಪ ಮನೆಯ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರು, ಪಂಕ್ಚರ್ ಆಗಿದ್ದು ಬಾಗೇಪಲ್ಲಿ ಆಚೆ.

ಹಳೇ ಜೀಪು, ಮಧುಗಿರಿ

ಹಳೆ ವಿಲ್ಲಿಸ್ ಜೀಪ್ ಇಟ್ಟುಕೊಂಡಿರುವವರು ಯಾರಾದರೂ ಇದ್ದರೆ ಒಂದೇ ಮಾತು. ಅದರ ಎಡಗಡೆ ಚಕ್ರಗಳ ಸ್ಟಡ್ ಉಲ್ಟಾ ಥ್ರೆಡ್. ತುದಿಯಲ್ಲಿ ಎಲ್ ಅಂತ ಗುರುತಿದೆಯಾ ನೋಡಿ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ನಮ್ಮ ಅಪ್ಪನ ಜೀಪ್‌ನ ಎರಡು ಸ್ಟಡ್‌ಗಳನ್ನು ಪೈಪ್ ಹಾಕಿ ಮುರಿದವರು ಎಷ್ಟು ಹೇಳಿದರೂ ಕೇಳಲಿಲ್ಲ, ತುಕ್ಕು ಹಿಡಿದಿದೆ ಅಂತಲೇ ಬಲ ಹಾಕುತ್ತಿದ್ದರು.

ಶಿರಾಗೇಟ್ ಸ್ವಿಫ್ಟ್, ತುಮಕೂರು

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಬೆಳಿಗ್ಗೆ ಕೂತು ಮುಂದಿನ ಎರಡೂ ಚಕ್ರ ಮಾಡಿದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಮುಗಿದಾಗ ಊಟದ ಹೊತ್ತು ದಾಟಿತ್ತು.

ಎಡಗಡೆಯಿಂದ ಹೇಳುತ್ತೇನೆ. ಸ್ಟಡ್‌ಗಳ ಮೇಲಿನ ಗ್ರೀಸನ್ನು ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಲ್ಲಿ ಪೂರ್ತಿ ತೆಗೆದೆ. ತೆಗೆದ ಮೇಲೆ ಒಂದು ಸ್ಟಡ್‌ನ ಥ್ರೆಡ್ ಮಧ್ಯದಲ್ಲಿ ಬೇರೆಯ ಹಾಗೆ ಕಂಡಿತು. ಹೊಸ ನಟ್ ಬೆರಳಲ್ಲಿ ಹಾಕಿದರೆ ಮೂರು ಸುತ್ತು ಹಗುರವಾಗಿ ಹೋಗಿ ಅಲ್ಲಿ ಬಿಗಿಯಾಗುತ್ತದೆ. ಉಳಿದ ಮೂರರಲ್ಲಿ ಕೊನೆಯವರೆಗೂ ಹೋಗುತ್ತದೆ. ಅದು ಹಿಗ್ಗಿದೆ ಅಂತ ನನಗೇ ಅರ್ಥವಾಯಿತು. ಆ ಚಕ್ರದ ನಾಲ್ಕೂ ಸ್ಟಡ್, ನಾಲ್ಕೂ ನಟ್ ಹೊಸದು ಹಾಕಿಸಿದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಬಂದು ಹಳೆಯದನ್ನು ಹೊಡೆದು ತೆಗೆದು ಹೊಸದನ್ನು ಎಳೆದು ಕೂರಿಸಿಕೊಟ್ಟರು.

ಬಂಗಾರಪೇಟೆ ಸರ್, ಸ್ಲೈಡ್ ಪಿನ್ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಹಿಂದಿನ ದಿನ ಕ್ಯಾತಸಂದ್ರದವರೆಗೆ ಹೋಗಿ ಬಂದು ಅಂಗೈ ಇಟ್ಟು ನೋಡಿದ್ದೆ, ಎಡಗಡೆ ಕಾವು ಬಲಗಡೆಗಿಂತ ಎಷ್ಟೋ ಜಾಸ್ತಿ. ಬಿಚ್ಚಿದರೆ ಎಡ ಕ್ಯಾಲಿಪರ್‌ನ ಕೆಳಗಿನ ಪಿನ್ ತಿರುಗುತ್ತಲೇ ಇರಲಿಲ್ಲ. ಒಳಗಿನ ಪ್ಯಾಡ್ ಪೂರ್ತಿ ಸವೆದು ತಗಡಿನ ಹತ್ತಿರ ಬಂದಿದೆ, ಹೊರಗಿನದು ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಪಿನ್‌ನ ರಬ್ಬರ್ ಬೂಟ್ ಹರಿದು ನೀರು ಒಳಗೆ ಹೋಗಿತ್ತು. ಹೊಸ ಪಿನ್, ಹೊಸ ಬೂಟ್, ಎರಡೂ ಕಡೆ ಹೊಸ ಪ್ಯಾಡ್ ಹಾಕಿಸಿದೆ. ಪಂಕ್ಚರ್ ಆಗದೇ ಇದ್ದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಇದೇ ಗಾಡಿಯಲ್ಲಿ ಮುಂದಿನ ತಿಂಗಳು ಚಾರ್ಮಾಡಿ ಘಾಟಿ ಇಳಿಯುವವರಿದ್ದೆವು.

ಹಬ್ ಉಜ್ಜಿ ಬಿಳಿ ಲೋಹ ಕಂಡ ಮೇಲೆ ಸೆರಾಮಿಕ್ ಪೇಸ್ಟ್ ತೆಳುವಾಗಿ ಮೂತಿಗೆ ಮಾತ್ರ ಹಚ್ಚಿದೆ. 85ಕ್ಕೆ ಬಿಗಿ ಮಾಡಿದೆ. ಕ್ಲಿಕ್ ಅಂದಾಗ ಇಷ್ಟೇನಾ ಅನ್ನಿಸಿತು, ಇಷ್ಟು ದಿನ ಎಷ್ಟು ಜಾಸ್ತಿ ಬಿಗಿ ಮಾಡುತ್ತಿದ್ದೆ ಅಂತ ಆಗ ತಿಳಿಯಿತು. ನಿನ್ನೆ ಗುಬ್ಬಿಗೆ ಎರಡು ಸಲ ಹೋಗಿ ಬಂದು, ಒಟ್ಟು 80 ಕಿಲೋಮೀಟರ್ ಆದ ಮೇಲೆ ಮತ್ತೆ ರೆಂಚ್ ಹಾಕಿದೆ. ಬಲಗಡೆ ನಾಲ್ಕೂ ಹಾಗೇ ಇದ್ದವು. ಎಡಗಡೆ ಎರಡು ನಟ್ ಒಂದು ಚೂರು ತಿರುಗಿ ಆಮೇಲೆ ಕ್ಲಿಕ್ ಅಂದವು. ಇದು ಸಹಜವಾ? ಹಿಂದಿನ ಎರಡು ಚಕ್ರ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.

ಬಂಗಾರಪೇಟೆ ಮೆಕ್ಯಾನಿಕ್, ಕೋಲಾರ ಜಿಲ್ಲೆ

ತುಂಬಾ ಸಂತೋಷವಾಯಿತು ಸರ್. ಹೊಸ ಸ್ಟಡ್ ಹಾಕಿದ ಚಕ್ರದಲ್ಲಿ ಆ ಚೂರು ತಿರುಗುವುದು ಸಹಜ, ಸ್ಟಡ್‌ನ ತಲೆ ಹಬ್‌ನೊಳಗೆ ಪೂರ್ತಿ ಕೂತುಕೊಳ್ಳುತ್ತದೆ. ಇನ್ನೊಂದು 100 ಕಿಲೋಮೀಟರ್ ಆದ ಮೇಲೆ ಆ ಚಕ್ರ ಒಂದನ್ನು ಮತ್ತೆ ನೋಡಿ. ಆಗಲೂ ತಿರುಗಿದರೆ ಓಡಿಸಬೇಡಿ, ಚಕ್ರ ತೆಗೆದು ಮುಖದಲ್ಲಿ ಏನಾದರೂ ಸಿಕ್ಕಿದೆಯಾ ಹುಡುಕಿ. ಹೊಸ ಪಿನ್‌ಗೆ ಸಿಲಿಕಾನ್ ಗ್ರೀಸ್ ಹಾಕಿದ್ದಾರಾ ಅಂತ ನಿಮ್ಮ ಮೆಕ್ಯಾನಿಕ್‌ಗೆ ಕೇಳಿ. ಮಾಮೂಲಿ ಗ್ರೀಸ್ ಹಾಕಿದ್ದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ, ತೆಗೆಸಿ ಬದಲಾಯಿಸಿ. ಹೊಸ ಪ್ಯಾಡ್ ಹೊಂದಿಕೊಳ್ಳುವವರೆಗೆ ಒಂದೆರಡು ನೂರು ಕಿಲೋಮೀಟರ್ ಜೋರು ಬ್ರೇಕ್ ಬೇಡ.

ಹಿಂದಿನ ಚಕ್ರ ಎತ್ತುವಾಗ ಒಂದು ವಿಷಯ ನೆನಪಿಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರವನ್ನೇ. ಅದರಲ್ಲಿ ಒಂದು ಗಾಳಿಯಲ್ಲಿದ್ದರೆ ಉಳಿದದ್ದು ಒಂದೇ. ಒಂದನೇ ಗೇರ್ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಆಮೇಲೆ ಜಾಕ್ ಮುಟ್ಟಿ. ಮಗಳು ಆಟ ಆಡುತ್ತಾ ಹತ್ತಿರ ಬರದ ಹಾಗೆ ಮನೆಯವರಿಗೆ ಹೇಳಿಡಿ.